ನೆಟ್ಟಗಿದ್ದ ಹುಳು

ಹೊಳೆಯ ದಡದಲ್ಲಿ ಒಂದು ಹಳೇ ಕಲ್ಲುಮಂಟಪ. ಅಲ್ಲಿ ಜವರಯ್ಯ ಅನ್ನುವ ಮುದುಕನಿದ್ದ. ಮೇಲ್ಗಡೆ ಸೇತುವೆ ಆಗುವವರೆಗೆ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದವನು. ಈಗ ದಾಟುವವರಿಲ್ಲ, ಆದರೂ ಜನ ಬರುತ್ತಿದ್ದರು. ಗಾಳ ಹಾಕುವುದನ್ನು ಕಲಿಯಲು ಕೆಲವರು, ಸುಮ್ಮನೆ ಕೂರಲು ಕೆಲವರು.

ಯಾರಾದರೂ ಗುರುಗಳೇ ಅಂದರೆ, "ಗುರುವಂತೆ ಗುರು! ಮೊದ್ಲು ಆ ಪಾತ್ರೆ ತೊಳಿ" ಅನ್ನುತ್ತಿದ್ದ.

ರಾಚಪ್ಪ ಬಂದು ಮೂರು ತಿಂಗಳಾಗಿತ್ತು. ನಲವತ್ತಾರರ ಗಂಡಸು, ಹದಿನೆಂಟು ವರ್ಷ ಆಂಬುಲೆನ್ಸ್ ಓಡಿಸಿದವನು. ಅವನಿಗೆ ದಣಿವಾಗಿತ್ತು. ಹತ್ತು ದಿನ ಮಲಗಿ ಎದ್ದರೂ ಹೋಗದಂಥ ದಣಿವು.

ಬಂದ ದಿನವೇ ಅವನು ಎದೆಯಲ್ಲಿದ್ದುದನ್ನು ಹೇಳಿಕೊಂಡಿದ್ದ.

"ಒಂದ್ ಮಾತು ಕೇಳ್ಬೇಕು ಅಯ್ಯ. ಕಾಡಂಚಿನ ಹಾಡಿಯಿಂದ ಒಬ್ಳು ಬಸುರಿನ ಕರ್ಕೊಂಡು ಹೊರಟಿದ್ದೆ. ಮೂವತ್ತೊಂದು ಕಿಲೋಮೀಟ್ರು. ದಾರಿ ಉದ್ದಕ್ಕೂ ಹಿಂದ್ಗಡೆಯಿಂದ 'ಅಣ್ಣಾ, ಇನ್ನೊಸಿ ಬೇಗ' ಅಂತಾನೇ ಇದ್ಲು. ಆಸ್ಪತ್ರೆ ಗೇಟು ಕಾಣೋ ಹೊತ್ಗೆ ಸುಮ್ಮನಾದ್ಲು. ಮಗು ಉಳೀತು. ಅವಳು ಉಳೀಲಿಲ್ಲ. ನಾನು ಇನ್ನೊಸಿ ಬೇಗ ಓಡ್ಸಬೋದಿತ್ತಾ, ಅದೊಂದು ಗೊತ್ತಾಗ್ಬೇಕು ನನ್ಗೆ."

"ಡಾಕ್ಟ್ರು ಏನಂದ್ರು?"

"ನಿನ್ ತಪ್ಪಿಲ್ಲ ಅಂದ್ರು."

"ಹೆಂಡ್ತಿ?"

"ಅವಳೂ ಅದೇ ಅಂದ್ಲು. ಮಠದ ಸ್ವಾಮ್ಗಳೂ ಅದೇ ಅಂದ್ರು."

"ಮೂರ್ ಜನ ಹೇಳಿ ಆದ್ಮೇಲೆ ನಾಕನೇವ್ನು ನಾನ್ಯಾಕೆ?" ಅಂದ ಜವರಯ್ಯ.

ರಾಚಪ್ಪನ ಮುಖ ಇಳಿದುಹೋಯಿತು. ಮುದುಕ ಮಂಟಪದ ಗೂಡಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದ. ಯಾವತ್ತೋ ಪಟ್ಟಣದಿಂದ ಮೀನು ಹಿಡಿಯುವ ಶೋಕಿಗೆ ಬಂದವರು ಬಿಟ್ಟುಹೋದದ್ದು. ಒಳಗೆ ಗೇಣುದ್ದದ ಮೆತ್ತನೆಯ ರಬ್ಬರ್ ಹುಳುಗಳಿದ್ದವು, ನೇರಳೆ ಬಣ್ಣದವು.

"ಇದನ್ನ ಗಾಳಕ್ಕೆ ಪೋಣ್ಸು. ಹೊಟ್ಟೆ ಹಸಿದ ಒಂದು ಕೊರಮೀನು ಇದಕ್ಕೆ ಬಾಯಿ ಹಾಕ್ಲಿ. ಆವತ್ತು ನಿನ್ ಮಾತಿಗೆ ಉತ್ತರ ಹೇಳ್ತೀನಿ."

"ಅಷ್ಟೇನಾ?"

"ಒಂದು ಕಟ್ಟಳೆ ಅದೆ. ಮರಿ ಕಾಯೋ ಮೀನಿನ ತಂಟೆಗೆ ಹೋಗ್ಬೇಡ."

ಕೊರಮೀನು ಅಂದರೆ ಹಾವಿನಂಥ ತಲೆಯ, ಕೆಸರುಬಣ್ಣದ ಮೀನು. ಮರಿಯಾದಾಗ ಕೆಂಪು ಮರಿಗಳ ಗುಂಪನ್ನು ನೀರಿನ ಮೇಲ್ಗಡೆ ಬಿಟ್ಟು ತಾನು ಕೆಳಗಿನಿಂದ ಕಾಯುತ್ತದೆ. ಆ ಗುಂಪಿನ ಹತ್ತಿರ ಒಂದು ಕಡ್ಡಿ ಬಿದ್ದರೂ ಎರಗಿ ಬರುತ್ತದೆ. ಹಾಗೆ ಹಿಡಿಯಲು ಯಾವ ವಿದ್ಯೆಯೂ ಬೇಡ. ಜವರಯ್ಯ ಅದನ್ನು ಮೀನು ಹಿಡಿಯುವುದು ಅನ್ನುತ್ತಿರಲಿಲ್ಲ, ಮನೆ ಮುರಿಯುವುದು ಅನ್ನುತ್ತಿದ್ದ.

ರಾಚಪ್ಪ ಹುಳು ಪೋಣಿಸಿದ. ಗಾಳದ ಮೊನೆಯನ್ನು ತಲೆಯಲ್ಲಿ ಚುಚ್ಚಿ, ಒಳಗೇ ಹಾಯಿಸಿ, ಹೊಟ್ಟೆಯ ಹತ್ತಿರ ಹೊರತಂದ. ಹುಳು ಗೆರೆ ಎಳೆದ ಹಾಗೆ ನೆಟ್ಟಗೆ ಕೂತಿತು. ಸ್ಟ್ರೆಚರಿನ ಪಟ್ಟಿಗಳನ್ನೂ ಅವನು ಹೀಗೆಯೇ, ಒಂದು ಸುಕ್ಕಿಲ್ಲದೆ ಬಿಗಿಯುತ್ತಿದ್ದ.

ಜವರಯ್ಯ ನೋಡಿದ. "ಬಿಚ್ಚು."

"ಯಾಕಯ್ಯ? ನೆಟ್ಟಗದೆಯಲ್ಲ."

"ಅದ್ಕೇ ಬಿಚ್ಚು ಅಂದಿದ್ದು."

ಬಿಚ್ಚುವ ಮೊದಲು ಮುದುಕ ಅದನ್ನು ನೀರಿಗೆ ಬಿಟ್ಟು ಎಳೆದು ತೋರಿಸಿದ. ಹುಳು ಸೌದೆಚೂರಿನ ಹಾಗೆ ಬಂತು. ಆಮೇಲೆ ತಾನೇ ಪೋಣಿಸಿದ. ಮೊನೆಯನ್ನು ಜೋಳದ ಕಾಳಿನಷ್ಟು ಕೆಳಗೆ ಹೊರತಂದು, ಹುಳುವಿನ ತಲೆಯನ್ನು ಮೇಲಕ್ಕೆ ಸರಿಸಿದ. ನಡುವಿನಲ್ಲಿ ಒಂದು ಸಣ್ಣ ಡೊಂಕು ಬಂತು. ನೀರಿನಲ್ಲಿ ಮೆಲ್ಲಗೆ ಎಳೆದಾಗ ಅದೇ ರಬ್ಬರು ಮಗ್ಗುಲು ಬದಲಿಸುತ್ತ, ಉರುಳುತ್ತ, ಜೀವ ಇರುವುದರ ಹಾಗೆ ಈಜಿತು.

ಗಾಳದಿಂದ ಒಂದು ಮೊಳ ಮೇಲೆ, ದಾರದ ನಡುವೆ, ಹಿತ್ತಾಳೆಯ ಒಂದು ಪುಟ್ಟ ತಿರುಗುವ ಕೊಂಡಿಯನ್ನೂ ಕಟ್ಟಿದ.

"ಇದ್ಯಾಕಯ್ಯ?"

"ಹುಳ ಉರುಳ್ತಾ ಇರ್ತದೆ. ಈ ಕೊಂಡಿ ಇಲ್ದಿದ್ರೆ ಆ ಸುತ್ತೆಲ್ಲ ದಾರಕ್ಕೆ ಏರಿ ಗಂಟಾಯ್ತದೆ. ಗಂಟು ಬಿಡಿಸ್ತಾ ಕೂತ್ರೆ ಹೊಳೇನೇ ಒಣಗೋಯ್ತದೆ."

ತನ್ನ ತಲೆಗೂ ಇಂಥದೊಂದು ಕೊಂಡಿ ಇದ್ದಿದ್ದರೆ ಅಂದುಕೊಂಡ ರಾಚಪ್ಪ.

ದಿನಗಳು ಹೋದವು. ಒಂದು ದಿನ ಡೊಂಕು ಹೆಚ್ಚಾಗಿ ಹುಳು ಫ್ಯಾನಿನ ಹಾಗೆ ಗಿರ್ರನೆ ತಿರುಗುತ್ತಿತ್ತು. ಇನ್ನೊಂದು ದಿನ ಡೊಂಕೇ ಇಲ್ಲ. ಡೊಂಕು ಸರಿಯಾಗಿ ಬಂದ ದಿನ ರಾಚಪ್ಪನ ಕೈ ಅವಸರ ಮಾಡುತ್ತಿತ್ತು. ಹದಿನೆಂಟು ವರ್ಷ ಬೇಗ ಬೇಗ ಅನ್ನಿಸಿಕೊಂಡ ಕೈ, ದಾರ ಸುತ್ತುವ ರೀಲಿನ ಹಿಡಿ ಸಿಕ್ಕಿದ್ದೇ ತಡ ಗರಗರ ಸುತ್ತುತ್ತಿತ್ತು.

ಜವರಯ್ಯ ಮಂಟಪದ ಮೆಟ್ಟಿಲಿನಿಂದಲೇ ಕೂಗುತ್ತಿದ್ದ. "ಸೈರನ್ ಹಾಕ್ಕೊಂಡು ಬಂದ್ರೆ ಯಾವ್ ಮೀನ್ಲಾ ಬಾಯಿ ತೆರೀತದೆ? ಸೈಡಿಗೆ ಸರಿದು ದಾರಿ ಬಿಡ್ತದೆ, ಅಷ್ಟೆ."

"ನನ್ ಕೈಗೆ ನಿಧಾನ ಹತ್ತಕ್ಕಿಲ್ಲ ಅಯ್ಯ."

"ಹತ್ತುತ್ತದೆ."

"ಯಾವಾಗ?"

"ನೋಡು, ಅದೂ ಬೇಗ ಬೇಕು ನಿನ್ಗೆ."

ರಾಚಪ್ಪನಿಗೆ ನಗು ಬರಲಿಲ್ಲ. ಎಷ್ಟೋ ಸಂಜೆ ಅವನು ಗಾಳದ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಲ್ಲೇ ತೂಕಡಿಸುತ್ತಿದ್ದ. ತೂಕಡಿಕೆಯಲ್ಲೂ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಿತ್ತು. ಎಚ್ಚರವಾದಾಗ ಮೀನಖಂಡ ನೋಯುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಆಂಬುಲೆನ್ಸ್ ಆಫೀಸಿನಿಂದ ರಾಚಪ್ಪನಿಗೆ ಫೋನು ಬಂತು. ಸೋಮವಾರ ಕೆಲಸಕ್ಕೆ ಬಂದರೆ ಸರಿ, ಇಲ್ಲದಿದ್ದರೆ ಆ ಗಾಡಿಗೆ ಬೇರೆ ಡ್ರೈವರು.

"ಏನ್ ಮಾಡ್ತೀಯ?" ಅಂದ ಜವರಯ್ಯ.

"ಉತ್ತರ ಸಿಕ್ದೆ ಆ ಸೀಟ್ ಮೇಲೆ ಹೆಂಗ್ ಕೂರ್ಲಿ ಅಯ್ಯ? ಯಾರಾನ ಹಿಂದ್ಗಡೆ ಮಲಗಿ ಬೇಗ ಅಂದ್ರೆ ನನ್ ಕೈಕಾಲೇ ಬಿದ್ದೋಯ್ತವೆ. ಈಗ್ಲೇ ಹೇಳ್ಬಿಡಿ."

"ಹಸಿದ ಮೀನು ಎಲ್ಲಿ?"

ರಾಚಪ್ಪನಿಗೆ ಸಿಟ್ಟು ಬಂತು. ಒಂದು ಹೆಣ್ಣಿನ ಜೀವ ಹೋಗಿದೆ, ಈ ಮುದುಕನಿಗೆ ಮೀನಿನ ಚಿಂತೆ. ಮಾತಾಡದೆ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಹುಳುವನ್ನು ತೆಗೆದು, ಗಾಳ ಹೊತ್ತುಕೊಂಡು ಹೊರಟ.

ಮಂಟಪದಿಂದ ಅರ್ಧ ಮೈಲಿ ಮೇಲೆ ಜೊಂಡು ಬೆಳೆದ ಒಂದು ಮಡು. ಹುಳುವನ್ನು ಹೇಗೋ ಚುಚ್ಚಿದ. ನೆಟ್ಟಗೇ ಕೂತಿತು. ಬಿಚ್ಚಿ ಮತ್ತೆ ಪೋಣಿಸುವಷ್ಟು ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. ಎಸೆದ, ಎಳೆದ. ಎಸೆದ, ಎಳೆದ. ಮಧ್ಯಾಹ್ನ ಕಳೆದರೂ ನೀರು ಅಲುಗಲಿಲ್ಲ.

ಬಿಸಿಲು ಓರೆಯಾಗುವ ಹೊತ್ತಿಗೆ ಜೊಂಡಿನ ಅಂಚಿನಲ್ಲಿ ನೀರು ಕೆಂಪಾಗಿ ಕಂಡಿತು. ಒಂದು ಮೊರದಷ್ಟು ಅಗಲಕ್ಕೆ ನೂರಾರು ಮರಿಗಳು ಬುಳುಬುಳು ಅನ್ನುತ್ತ ಮೇಲೆದ್ದು ಮುಳುಗುತ್ತಿದ್ದವು.

ಅವನಿಗೆ ಕಟ್ಟಳೆ ನೆನಪಿತ್ತು. ನೆನಪಿಲ್ಲ ಅನ್ನುವ ಸುಳ್ಳನ್ನು ಆಮೇಲೂ ಅವನು ಹೇಳಲಿಲ್ಲ. ಸಾಕಾಗಿತ್ತು, ಅಷ್ಟೇ. ಮೀನು ಮೀನೇ ಅಲ್ಲವೇ ಅಂದುಕೊಂಡು ಹುಳುವನ್ನು ಕೆಂಪು ಗುಂಪಿನ ಆಚೆ ಎಸೆದು, ಅದರ ಮಧ್ಯದಿಂದಲೇ ಗರಗರ ಎಳೆದ.

ನೀರು ಒಡೆಯಿತು. ತೋಳುದ್ದದ ಮೀನು ಬಂದು ದಡಕ್ಕೆ ಬಿತ್ತು. ಮರಿಗಳು ದಿಕ್ಕಾಪಾಲಾದವು.

ರಾಚಪ್ಪ ಒದ್ದೆ ಟವಲಿನಲ್ಲಿ ಮೀನನ್ನು ಸುತ್ತಿಕೊಂಡು, ಹಿಂತಿರುಗಿ ನೋಡದೆ ಮಂಟಪಕ್ಕೆ ಬಂದ. ಬಾಯಲ್ಲಿದ್ದ ಗಾಳವನ್ನೂ ಬಿಡಿಸಿರಲಿಲ್ಲ. ಗೆದ್ದ ಸಾಕ್ಷಿ ಬೇಕಿತ್ತಲ್ಲ.

"ತಗೊಳಿ. ಈಗ ಹೇಳಿ."

ಜವರಯ್ಯ ಮೀನನ್ನು ನೋಡಲಿಲ್ಲ. ಅದರ ಬಾಯಂಚಿನಲ್ಲಿ ನೇತಾಡುತ್ತಿದ್ದ ರಬ್ಬರನ್ನು ಬೆರಳಿನಿಂದ ಸವರಿದ.

"ಹುಳ ನೆಟ್ಟಗದೆ."

ರಾಚಪ್ಪ ಟವಲಿನ ಅಂಚನ್ನು ಮುದುರಿದ.

"ನೆಟ್ಟಗಿರೋ ಹುಳಕ್ಕೆ ಹಸಿದ ಮೀನು ಬಾಯಿ ಹಾಕಕ್ಕಿಲ್ಲ. ಮರಿ ಎಲ್ಲಿ ಬಿಟ್ಬಂದೆ?"

"ಜೊಂಡಿನ ಮಡುವಲ್ಲಿ."

"ಎಷ್ಟೊತ್ತಾಯ್ತು?"

"ಒಂದ್ ಹತ್ನಿಮಿಷ. ನನ್ಗೆ ಸಾಕಾಗೋಗದೆ ಅಯ್ಯ, ತಿಳೀದೆ..."

ತಿಳಿಯದೆ ಅನ್ನುವ ಮಾತು ಅವನ ಬಾಯಲ್ಲೇ ನಿಂತುಹೋಯಿತು. "ತಿಳಿದೂ ಮಾಡ್ದೆ" ಅಂದ.

ಮುದುಕ ಬೈಯಲಿಲ್ಲ. ಬೈದಿದ್ದರೆ ರಾಚಪ್ಪನಿಗೆ ಹಗುರವಾಗುತ್ತಿತ್ತು. ಮುದುಕ ಮೆಲ್ಲಗೆ ಗಾಳ ಬಿಡಿಸಿದ, ಟವಲಿನ ಮೇಲೆ ಒಂದು ಚೊಂಬು ನೀರು ಸುರಿದ, ಮೀನನ್ನು ಮತ್ತೆ ಸುತ್ತಿ ಶಿಷ್ಯನ ಕೈಗಿಟ್ಟ.

"ಕೊರಮೀನು ಗಾಳಿ ಕುಡ್ಕೊಂಡೂ ಒಸಿ ಹೊತ್ತು ಜೀವ ಹಿಡೀತದೆ. ಓಡು."

ರಾಚಪ್ಪ ಓಡಿದ.

ನಲವತ್ತಾರರ ದಣಿದ ಮೈ. ದಡದ ದಾರಿಯಲ್ಲಿ ಜಾಲಿಮುಳ್ಳು, ಕಲ್ಲು, ಕೆಸರು. ಒಂದು ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡಿತು, ಅದನ್ನು ಬಿಟ್ಟ. ಇನ್ನೊಂದನ್ನು ತಾನೇ ಒದ್ದು ಎಸೆದ. ಎದೆಗೆ ಅವುಚಿಕೊಂಡ ಟವಲಿನೊಳಗೆ ಮೀನು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದಕ್ಕೆ ಮಾತಿಲ್ಲ. ಆದರೆ ಅವನಿಗೆ ಕೇಳಿಸಿತು. ಅಣ್ಣಾ, ಇನ್ನೊಸಿ ಬೇಗ.

"ಬಂತು ಕಣವ್ವ, ಬಂದೇಬಿಟ್ಟೊ" ಅಂದ, ಆವತ್ತು ಅಂದ ಹಾಗೆಯೇ. ಅನ್ನುತ್ತಲೇ ಅಳು ಬಂತು. ಅಳುತ್ತಲೇ ಓಡಿದ.

ಮಡುವಿನ ಹತ್ತಿರ ಎರಡು ಬೆಳ್ಳಕ್ಕಿ ಆಗಲೇ ಇಳಿದಿದ್ದವು. ರಾಚಪ್ಪ ಹೋ ಎಂದು ಕೂಗಿ ಅವನ್ನು ಎಬ್ಬಿಸಿ, ಸೊಂಟದವರೆಗೆ ನೀರಿಗಿಳಿದು ಟವಲು ಬಿಚ್ಚಿದ. ಮೀನು ಮಗ್ಗುಲಾಗಿ ತೇಲಿತು. ಅವನು ಅದರ ಹೊಟ್ಟೆಯ ಕೆಳಗೆ ಅಂಗೈ ಹಿಡಿದು ನಿಂತ. ಬಹಳ ಹೊತ್ತಿನ ಮೇಲೆ ಕಿವಿರು ಅಲುಗಿತು, ಬಾಲ ಒಂದು ಸಲ ಒದೆಯಿತು. ಮೀನು ಜೊಂಡಿನ ಬೇರುಗಳ ಕಡೆ ಮುಳುಗಿ ಮರೆಯಾಯಿತು.

ಅಲ್ಲೊಂದು ಇಲ್ಲೊಂದು ಕೆಂಪು ಮರಿ ಕಾಣುತ್ತಿತ್ತು. ಗುಂಪು ಕಾಣಲಿಲ್ಲ. ರಾಚಪ್ಪ ದಡಕ್ಕೆ ಹತ್ತಿ ಕೂತ.

ಜವರಯ್ಯ ಕೋಲೂರಿಕೊಂಡು, ತನ್ನ ಹೊತ್ತಿಗೆ ತಾನು ಬಂದ. ಕೈಯಲ್ಲಿ ಶಿಷ್ಯನ ಒಂದು ಚಪ್ಪಲಿ ಇತ್ತು. ಅದನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತ. ಇಬ್ಬರೂ ನೀರು ನೋಡಿದರು. ಹೊತ್ತು ಕಂತುತ್ತಿತ್ತು.

"ಉಳೀತದಾ ಅಯ್ಯ?"

"ಗೊತ್ತಿಲ್ಲ ಕಣಪ್ಪ."

"ಮರಿ ಕೂಡ್ಕೊಳ್ತವಾ?"

"ಅದೂ ಗೊತ್ತಿಲ್ಲ."

ರಾಚಪ್ಪ ಕಣ್ಣೊರೆಸಿಕೊಂಡ. "ನೀವು ಹೇಳಿದ್ ಮೀನು ತರ್ಲಿಲ್ಲ. ಕಟ್ಟಳೇನೂ ಮುರ್ದೆ. ಇನ್ನ ನಿಮ್ಮುನ್ನ ಉತ್ತರ ಕೇಳೋಕೆ ನನ್ಗೆ ಮುಖ ಇಲ್ಲ. ನಾಳೆ ಹೊರಡ್ತೀನಿ."

"ಹೊರಡು. ನಾನೊಂದ್ ಮಾತು ಕೇಳ್ತೀನಿ, ಅದಕ್ಕೆ ಹೇಳ್ಬುಟ್ಟು ಹೊರಡು."

"ಕೇಳಿ."

"ಮಂಟಪದಿಂದ ಇಲ್ಲಿಗಂಟ ಓಡ್ ಬಂದ್ಯಲ್ಲ. ಇನ್ನೊಸಿ ಬೇಗ ಬರ್ಬೋದಿತ್ತಾ?"

ರಾಚಪ್ಪ ತನ್ನ ಕಾಲು ನೋಡಿಕೊಂಡ. ಹಿಮ್ಮಡಿ ಒಡೆದು ರಕ್ತ ಒಸರುತ್ತಿತ್ತು.

"ಇಲ್ಲ ಅಯ್ಯ. ಇದ್ದ ಉಸುರ್ನೆಲ್ಲ ಹಾಕಿ ಓಡ್ದೆ. ಇದಕ್ಕಿಂತ ಬೇಗ ನನ್ ಕೈಲಿ ಆಯ್ತಿರ್ಲಿಲ್ಲ."

"ದಿಟವಾಗ್ಲೂ?"

"ನಿಮ್ಮಾಣೆ."

ಜವರಯ್ಯ ಕೋಲೂರಿ ಎದ್ದು ನಿಂತ.

"ಆವತ್ತು ಆ ಗಾಡಿ ಓಡ್ಸಿದೋನು ಬೇರೆ ಯಾವನಾರ ಇದ್ನಾ, ಮಗ?"