ಒಳಗಾಯದ ದಾರ

"ಹಿಡಿದ ಕೆಲಸ ಬಿಡಬೇಡ ಎನ್ನುತ್ತೀರಿ. ಹಠ ಬಿಡು ಎಂದೂ ಹೇಳುತ್ತೀರಿ. ಇವೆರಡರ ನಡುವಿನ ಗೆರೆ ಎಲ್ಲಿದೆ ಗುರುಗಳೇ?" ಎಂದು ಶಿಷ್ಯ ರುದ್ರಮುನಿ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ರಸಾಯನಶಾಸ್ತ್ರ ಓದಿದ ಒಬ್ಬ ಹೆಂಗಸಿದ್ದಳು. ಅವಳ ತಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಒಳಗೆ ಹಾಕಿದ ಹೊಲಿಗೆಯ ದಾರ ಮೈಗೆ ಒಗ್ಗದೆ ಕೀವು ಕಟ್ಟಿತು. ದಾರ ತೆಗೆಯಲು ಮತ್ತೆ ಕೊಯ್ದರು. ಎರಡನೆಯ ಸಲ ಅವನ ಮೈ ತಾಳಲಿಲ್ಲ. ಗಾಯ ಕೂಡುವವರೆಗೆ ಗಟ್ಟಿಯಾಗಿ ಹಿಡಿದಿದ್ದು, ಆಮೇಲೆ ಮೈಯೊಳಗೇ ಕರಗಿಹೋಗುವ ದಾರ ಮಾಡುತ್ತೇನೆಂದು ಅವಳು ಅಂದೇ ನಿಶ್ಚಯಿಸಿದಳು.

ಹಾಲು ಹುಳಿಯಾದಾಗ ಹುಟ್ಟುವ ಆಮ್ಲವನ್ನು ಕಾಯಿಸಿ ಅಂಟು ಮಾಡಿದಳು. ಅಂಟನ್ನು ಬಿಸಿಯಲ್ಲೇ ಎಳೆದು ದಾರ ಮಾಡಿದಳು. ಮೊದಲ ದಾರ ಗಂಟು ಹಾಕುವಾಗಲೇ ತುಂಡಾಯಿತು. ಪಾಕ ಬದಲಿಸಿದಳು. ಅದು ಗಟ್ಟಿಯಾಗಿತ್ತು, ಆದರೆ ಕುರಿಯ ಮೈಯಲ್ಲಿ ವರ್ಷಗಳು ಕಳೆದರೂ ಕರಗಲಿಲ್ಲ. ಮತ್ತೊಂದು ಬೇಗ ಕರಗಿತು. ಗಾಯ ಬಾಯಿಬಿಟ್ಟು ಕುರಿ ಸತ್ತಿತು. ಅಂದು ಅವಳು ಊಟ ಮಾಡಲಿಲ್ಲ. ಮರುದಿನ ಮತ್ತೆ ಒಲೆ ಹಚ್ಚಿದಳು. ಮನೆಯವರು ಹೇಳಿ ಹೇಳಿ ಸುಮ್ಮನಾದರು. ಅವಳ ಕೂದಲು ನರೆಯಿತು.

ಒಬ್ಬ ವ್ಯಾಪಾರಿ ಬಂದು, ಇರುವ ದಾರವನ್ನೇ ಕರಗುವ ದಾರವೆಂದು ಮಾರೋಣ, ಹೊಲಿದ ಮೇಲೆ ಒಳಗೆ ಇಣುಕುವವರು ಯಾರು ಎಂದ. ಅವನನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಿದಳು.

ಕೊನೆಗೂ ದಾರ ಹದಕ್ಕೆ ಬಂತು. ಅಷ್ಟರಲ್ಲಿ ದೂರದ ಊರಿನ ಒಬ್ಬ ತರುಣ ಅಂಥದೇ ದಾರ ಮಾಡಿದ್ದಾನೆಂಬ ಸುದ್ದಿ ಬಂತು. ಅವಳು ಅದನ್ನು ತರಿಸಿ, ತನ್ನ ದಾರದ ಜೊತೆಗೇ ಕುರಿಗಳ ಮೇಲೆ ಪರೀಕ್ಷಿಸಿದಳು. ಎರಡೂ ಕರಗಿದವು. ಆದರೆ ಅವನ ದಾರ ಹೊಲಿದ ಕಡೆ ಗಾಯ ಹೆಚ್ಚು ಚೆನ್ನಾಗಿ ಕೂಡಿತ್ತು. ಎರಡನ್ನೂ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಳು. ಎದೆ ಉರಿಯಿತು.

ಅದೇ ದಿನಗಳಲ್ಲಿ ಆಸ್ಪತ್ರೆಗೆ ಹೆರಿಗೆ ಕಷ್ಟವಾದ ಒಬ್ಬ ಬಸುರಿಯನ್ನು ತಂದರು. ಹೊಟ್ಟೆ ಕೊಯ್ಯದೆ ಬೇರೆ ದಾರಿಯಿರಲಿಲ್ಲ. ಇವಳ ಕೆಲಸವನ್ನು ಮೊದಲಿನಿಂದ ಬಲ್ಲ ಅಲ್ಲಿನ ವೈದ್ಯರು ಇವಳಿಗೆ ಹೇಳಿಕಳಿಸಿದರು. ನಿಮ್ಮ ದಾರಕ್ಕಾಗಿಯೇ ಇಷ್ಟು ವರ್ಷ ಕಾದಿದ್ದೇನೆ, ಮೊದಲ ಹೊಲಿಗೆ ಅದರಲ್ಲೇ ಹಾಕಲೇ ಎಂದು ಕೇಳಿದರು.

"ಆ ಹುಡುಗನ ದಾರದಲ್ಲಿ ಹೊಲಿಯಿರಿ ಡಾಕ್ಟರೇ," ಎಂದಳು ಅವಳು. "ನನ್ನದಕ್ಕಿಂತ ಅದು ಚೆನ್ನಾಗಿದೆ. ನಾನೇ ನೋಡಿದ್ದೇನೆ."

ವೈದ್ಯರು ಹಾಗೆಯೇ ಮಾಡಿದರು. ಗಾಯ ಮಾಯಿತು. ಮತ್ತೆ ಕೊಯ್ಯುವ ಪ್ರಸಂಗ ಬರಲಿಲ್ಲ. ಬಾಣಂತಿ ಮಗುವನ್ನೆತ್ತಿಕೊಂಡು ತನ್ನ ಕಾಲ ಮೇಲೆ ನಡೆದು ಮನೆಗೆ ಹೋದಳು. ದಾರ ಮಾಡಿದ ಆ ಹೆಂಗಸು ತರುಣನ ಊರಿಗೆ ಹೊರಟಳು. ಯಾವ ಪಾಕ ಎಲ್ಲಿ ಕೈಕೊಟ್ಟಿತು, ಏಕೆ ಕೈಕೊಟ್ಟಿತು ಎಂಬುದನ್ನೆಲ್ಲ ಅವನ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಆಮೇಲೆ ಇಬ್ಬರೂ ಕೂಡಿ, ಮುರಿದ ಮೂಳೆಯನ್ನು ಹಿಡಿದಿಟ್ಟು ಕರಗುವ ಮೊಳೆ ಮಾಡಲು ತೊಡಗಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ರುದ್ರಮುನಿಗೆ ಕಸಿವಿಸಿಯಾಯಿತು.

"ಅಷ್ಟೊಂದು ಹೆಣಗಿಯೂ ಕೊನೆಗೆ ಅವಳು ಸೋತಳಲ್ಲವೇ?" ಎಂದ.

ಗುರುಗಳು ಅವನ ಮುಖ ನೋಡಿ ಹೇಳಿದರು: "ಗಾಯ ಮಾಯಿತು ಎಂದೆನಲ್ಲ. ಅವಳು ಹಿಡಿದದ್ದು ಆ ಕೆಲಸವನ್ನೇ."