ಸೊಳ್ಳೆ ಮನೆಯ ಸಿಂಹಾಸನ

ನಂಜುಂಡೇಶ್ವರನ ಆಣೆ, ನಮ್ಮವ್ವನ ಆಣೆ, ಉಣ್ಣೋ ಅನ್ನದ ಆಣೆ, ಇದು ನಡೆದದ್ದು. ಒಂದು ಅಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ. ಇದುವರ್ಗೂ ಬಿದ್ದಿಲ್ಲ, ನೀವೇ ನೋಡ್ತಿದೀರಲ್ಲ.

ಗುರು ಅಂದ್ರೆ ಗಡ್ಡ ಇರ್ಬೇಕು, ಕಾವಿ ಇರ್ಬೇಕು ಅಂದ್ಕೊಂಡಿದ್ರೆ ಬೇರೆ ಕಥೆ ಹುಡುಕ್ಕೊಳಿ. ನನ್ನ ಗುರು ಚಂಪಕಮ್ಮೋರು. ಕಾಲೇಜಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ, ರಿಟೈರಾಗಿ, ಕಪಿಲೆ ದಂಡೇಲಿ ಒಂದು ಹಂಚಿನ ಮನೆ ಮಾಡ್ಕೊಂಡು ಸೊಳ್ಳೆ ಸಾಕ್ತಿದ್ರು.

ಹೂಂ, ಸೊಳ್ಳೆ. ಸರಿಯಾಗೇ ಕೇಳುಸ್ಕೊಂಡ್ರಿ.

ಊರೋರು ಆ ಮನೇನ ಆಶ್ರಮ ಅಂತಿದ್ರು. ಯಾಕಂದ್ರೆ ಅಲ್ಲಿ ಕೆಲ್ಸ ಮಾಡೋ ಒಬ್ಬರಿಗೂ ಸಂಬಳ ಇರ್ಲಿಲ್ಲ.

ಸಂಶೋಧನೆ ಮಾಡ್ತಿದ್ದದ್ದು ಜುಬೇದಾ ಅಂತ ಒಂದು ಹೆಣ್ಮಗು. ಔಷಧಿ ಹೊಡುದ್ರೂ ಸಾಯದಿರೋ ಸೊಳ್ಳೆ ಹೆಂಗೆ ಹುಟ್ಟುತ್ತೆ ಅನ್ನೋದು ಅವಳ ಪ್ರಶ್ನೆ. ಅದಕ್ಕೆ ಒಂದೇ ವಂಶದ ಸೊಳ್ಳೆನ ಮಗ, ಮೊಮ್ಮಗ, ಮರಿಮಗ ಅಂತ ವರ್ಷಗಟ್ಲೆ ಬಲೆ ಪೆಟ್ಟಿಗೇಲಿ ಸಾಕ್ಕೊಂಡು ಬಂದಿದ್ಲು. ಅವಳಿಗೆ ಅಕ್ಕಿ, ಬೇಳೆ, ಗಾಜಿನ ಸಾಮಾನು ಹೊಂದುಸ್ಕೊಡೋಕೆ ಅಂತ ನಾವೊಂದು ಸಂಘ ಮಾಡಿದ್ವಿ. ಜೀವವಿಜ್ಞಾನ ಸಂಶೋಧನಾ ಸಹಾಯ ಸಂಘ. ಊರಿನ ಬಾಯಲ್ಲಿ ಸೊಳ್ಳೆ ಸಂಘ.

ಆ ಸಂಘಕ್ಕೆ ಅಧ್ಯಕ್ಷ ಯಾರು? ನಾನು. ಶಾಮಿಯಾನ ಕೆಂಪಶೆಟ್ಟಿ.

ಓದಿರೋದು ಮೂರನೇ ಕ್ಲಾಸು. ಆದ್ರೆ ಈ ತಾಲ್ಲೂಕಲ್ಲಿ ನನ್ನ ಕುರ್ಚಿ ಮೇಲೆ ಕೂರದ ದೊಡ್ಡ ಮನುಷ್ಯ ಒಬ್ಬನನ್ನ ತೋರ್ಸಿ. ಮದುವೆ, ತಿಥಿ, ಚುನಾವಣೆ, ಎಲ್ಲಕ್ಕೂ ನಂದೇ ಕಂಬ, ನಂದೇ ಬಟ್ಟೆ, ನಂದೇ ಮೈಕು.

ಅಧ್ಯಕ್ಷ ಆದ ದಿನ ಅಮ್ಮೋರ ಹತ್ರ ಹೋಗಿ ಕೈ ಮುಗಿದು ನಿಂತೆ.

"ಅಮ್ಮೋರೆ, ಅಧ್ಯಕ್ಷ ಆದೋನು ಏನ್ ಮಾಡ್ಬೇಕು? ಅಪ್ಪಣೆ ಆಗ್ಲಿ."

ಅವ್ರು ಸೊಳ್ಳೆ ಪೆಟ್ಟಿಗೇಲಿ ಸಕ್ಕರೆ ನೀರಿನ ಹತ್ತಿ ಬದ್ಲಾಯಿಸ್ತಿದ್ರು. ತಿರುಗೂ ನೋಡ್ಲಿಲ್ಲ.

"ಯಾರಿಗೆ ಹಸಿವಾಗಿದೆ ಅಂತ ಗೊತ್ತಾಗ್ಬೇಕು ಕಣಯ್ಯ."

"ಅಷ್ಟೇ ತಾನೆ?" ಅಂದೆ. ಆವತ್ತೇ ಸಂಘದೋರಿಗೆಲ್ಲಾ ಹೋಳಿಗೆ ಊಟ ಹಾಕ್ಸ್ದೆ.

ಅಮ್ಮೋರು ಎರಡು ಹೋಳಿಗೆ ತಿಂದ್ರು. ಮತ್ತೆ ಸೊಳ್ಳೆ ಪೆಟ್ಟಿಗೆ ಕಡೆ ಹೋದ್ರು.

ಆಮೇಲೆ ನನಗೆ ತೋಚಿತು, ದಾನಿಗಳನ್ನ ಕರೆದು ಒಂದು ಸನ್ಮಾನ ಮಾಡ್ಬೇಕು ಅಂತ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಅವೆಲ್ಲಾ ಇಲ್ದೆ ಅದೆಂಥಾ ಸಂಘ?

"ಬೇಕಾ?" ಅಂದ್ರು ಅಮ್ಮೋರು.

"ಅಮ್ಮೋರೆ, ನೀವು ಸೊಳ್ಳೆ ನೋಡ್ಕೊಳಿ. ಮನುಷ್ಯರನ್ನ ನಾನು ನೋಡ್ಕೋತೀನಿ."

ಹೊಳೆ ದಂಡೇಲಿ ಶಾಮಿಯಾನ ಎದ್ದಿತು. ಮಧ್ಯಕ್ಕೆ ಅಧ್ಯಕ್ಷರ ಕುರ್ಚಿ. ಮದುವೆ ಗಂಡು ಕೂರೋ ಕೆಂಪು ಮಖಮಲ್ಲಿನ ಸಿಂಹಾಸನ, ಎರಡು ಕಡೆ ಸಿಂಹದ ಮುಖ. ನಾಕು ಜನ ಬೇಕು ಎತ್ತೋಕೆ.

ಸಂಘದಲ್ಲಿ ಗುರುಮಲ್ಲು ಅಂತ ಒಬ್ಬ ಇದ್ದ, ಮೆಡಿಕಲ್ ಸ್ಟೋರಿನೋನು, ಬಾಯಿ ಸರಿಯಿಲ್ಲ. ಅವನು ನೋಡಿ, "ಏನ್ ಶೆಟ್ರೆ, ಮದುವೆ ಹೆಣ್ಣು ಯಾರು?" ಅಂದ.

"ನಿನ್ನಂಗೆ ಮಾತ್ರೆ ನುಂಗ್ಕೊಂಡು ಬದುಕೋರಿಗೆ ಪ್ಲಾಸ್ಟಿಕ್ ಕುರ್ಚಿ ಸಾಕು. ಈ ವಯಸ್ಸಲ್ಲೂ ಒಂದು ಮಾತ್ರೆ ನಾಲಿಗೆ ಮೇಲೆ ಇಟ್ಟೋನಲ್ಲ ನಾನು. ಅಂಥೋನಿಗೆ ಸಿಂಹಾಸನವೇ ಬೇಕು" ಅಂದೆ. ಎಲ್ರೂ ಕೇಳುಸ್ಕೊಂಡ್ರು. ಅಮ್ಮೋರೂ ಕೇಳುಸ್ಕೊಂಡ್ರು.

ಸಭೆ ದಿನ ಮಧ್ಯಾಹ್ನ ಇಳೀತು. ಹೊಳೆ ದಂಡೆ ಅಲ್ವಾ, ಸೊಳ್ಳೆ ಗುಯ್ ಅನ್ನೋಕೆ ಶುರುವಾದ್ವು. ದಾನಿಗಳು ಬರೋ ಹೊತ್ತು. ಅವ್ರ ಮೂತಿಗೆ ಸೊಳ್ಳೆ ಕಚ್ಚುದ್ರೆ ನಾನು ಶಾಮಿಯಾನದೋನಾಗಿ ಇದ್ದೂ ದಂಡ.

ನನ್ನದೊಂದು ಹೊಗೆ ಐತೆ. ಹಸಿ ಬೇವಿನ ಸೊಪ್ಪು, ತೆಂಗಿನ ನಾರು, ಲೋಬಾನ, ಇನ್ನೊಂದು ಸೊಪ್ಪು. ಅದರ ಹೆಸ್ರು ನಿಮಗೆ ಹೇಳಲ್ಲ. ಎಷ್ಟೋ ಸಭೆ ಕಾಪಾಡಿರೋ ಹೊಗೆ ಅದು. ಕಬ್ಬಿಣದ ಬಾಂಡ್ಲಿ ತುಂಬ ಹಾಕಿ ಹಚ್ಚುಸ್ದೆ. ಗಾಳಿ ಹೊಳೆ ಕಡೆಯಿಂದ ಬೀಸ್ತಿತ್ತು.

ಹೊಗೆ ಎಲ್ಲಿಗೆ ಹೋಯ್ತು? ನೇರ ಸಂಶೋಧನೆ ಕೋಣೆಗೆ.

ಸ್ವಲ್ಪ ಹೊತ್ತಿಗೆ ಜುಬೇದಾ ಕೆಮ್ಮುತಾ ಆಚೆ ಬಂದ್ಲು. ಮೊದ್ಲೇ ನಾಲ್ಕು ದಿನದಿಂದ ಜ್ವರ, ಮಾತ್ರೆ ನುಂಗ್ತಿದ್ಲು. ಕೈಯಲ್ಲಿ ಒಂದು ಪೆಟ್ಟಿಗೆ. ಒಳಗೆ ಸೊಳ್ಳೆಗಳು ಎಳ್ಳು ಚೆಲ್ಲಿದಂಗೆ ಬಿದ್ದಿದ್ವು.

"ತಾತ, ಎಲ್ಲಾ ಹೋದ್ವು" ಅಂದ್ಲು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತ್ಬಿಟ್ಲು.

ಒಂದು ಮಾತು ಹೇಳ್ತೀನಿ. ಸರ್ಕಾರದ ಔಷಧಿಗೆ ಜಗ್ಗದ ಸೊಳ್ಳೆ ಅವು. ನನ್ನ ಹೊಗೆಗೆ ಉರುಳ್ಕೊಂಡ್ವು! ಅದನ್ನ ಒಬ್ಬರಾದ್ರೂ ಬರ್ಕೊಂಡ್ರಾ? ಇಲ್ಲ. ಎಲ್ರೂ ನನ್ನ ಮುಖವೇ ನೋಡ್ತಿದ್ರು.

"ಹೊಳೆ ತುಂಬ ಸೊಳ್ಳೆ ಐತಲ್ಲವ್ವಾ, ಹಿಡ್ಕೊಟ್ರಾಯ್ತು" ಅಂದೆ.

"ಅವು ಬೇರೆ ತಾತ. ಇವುಗಳ ಅಜ್ಜಿ ಮುತ್ತಜ್ಜಿ ಯಾರು ಅಂತ ನನಗೆ ಗೊತ್ತಿತ್ತು. ಈ ವಂಶ ನಿಂತ್ರೆ ನನ್ನ ಓದೂ ನಿಂತಂಗೆ. ಮತ್ತೆ ಮೊದ್ಲಿಂದ ಮಾಡೋಕೆ ಯೂನಿವರ್ಸಿಟಿಯೋರು ನನಗೆ ಟೈಮ್ ಕೊಡಲ್ಲ, ಊರಿಗೆ ಕಳುಸ್ತಾರೆ."

ಹೋಗಿ ಬಾಂಡ್ಲಿಗೆ ಒಂದು ಕೊಡ ನೀರು ಸುರಿದೆ. ನನ್ನ ಹೊಗೆಗೆ ನಾನೇ ನೀರು ಹಾಕಿದ್ದು ಅದೇ ಮೊದ್ಲು.

ಅಮ್ಮೋರು ಅಡುಗೆಮನೆಯಿಂದ ಬಂದ್ರು. ಬೈತಾರೆ ಅಂತ ತಲೆ ತಗ್ಗುಸ್ದೆ. ಬೈಲಿಲ್ಲ.

"ಅಡುಗೆಮನೇಲಿ ಒಂದು ಪೆಟ್ಟಿಗೆ ಇಟ್ಕೊಂಡಿದ್ದೆ. ಬಾಗ್ಲು ಹಾಕಿತ್ತು. ಅದ್ರಲ್ಲಿ ಒಂದಷ್ಟು ಹೆಣ್ಣು ಉಳಿದವೆ" ಅಂದ್ರು. "ಸುಸ್ತಾಗವೆ. ಇವತ್ತು ರಕ್ತ ಕುಡುದ್ರೆ ಮೊಟ್ಟೆ ಇಡ್ತವೆ. ಇಲ್ದಿದ್ರೆ ಇಲ್ಲ."

ದಿನಾ ಅವಕ್ಕೆ ಮೇಕೆ ರಕ್ತ ಬಿಸಿ ಮಾಡಿ ಒಂದು ಯಂತ್ರದಲ್ಲಿ ಇಡ್ತಿದ್ರು. ಆವತ್ತು ಇಟ್ರೆ ಒಂದೂ ಹತ್ರ ಬರ್ಲಿಲ್ಲ. ಸುಸ್ತಾದ ಸೊಳ್ಳೆಗೆ ಮನುಷ್ಯನ ಬಿಸಿ ಬೇಕಂತೆ, ಬೆವರಿನ ವಾಸ್ನೆ ಬೇಕಂತೆ. ಪೆಟ್ಟಿಗೆ ಒಳಕ್ಕೆ ತೋಳು ಇಡ್ಬೇಕು.

ದಾನಿಗಳಿಗೆ ಫೋನ್ ಮಾಡಿ ಬರ್ಬೇಡಿ ಅಂದ್ವಿ. ಅಧ್ಯಕ್ಷ ನಾನು, ಬುದ್ಧಿ ಓಡ್ತು. ತಕ್ಷಣ ತುರ್ತು ಸಭೆ ಕರೆದೆ. ಸಿಂಹಾಸನದ ಮೇಲೆ ಕೂತೆ.

"ತೋಳು ಕೊಡೋ ವಿಚಾರಕ್ಕೆ ಒಂದು ಉಪಸಮಿತಿ ಮಾಡಣ. ಗುರುಮಲ್ಲು ಸಂಚಾಲಕ" ಅಂದೆ.

"ನಾನಾ? ನನ್ನ ಮೈಯಲ್ಲಿ ಹರೀತಿರೋದು ರಕ್ತ ಅಲ್ಲ ಶೆಟ್ರೆ, ಮಾತ್ರೆ ಕಷಾಯ. ಆಗ ನೀವೇ ಅಂದ್ರಲ್ಲ."

ಇನ್ನೊಬ್ಬ ಹೆಂಡ್ತೀನ ಕೇಳ್ಬೇಕು ಅಂದ. ಮತ್ತೊಬ್ಬನಿಗೆ ನಾಳೆ ಮಗಳ ನಿಶ್ಚಿತಾರ್ಥ, ತೋಳೆಲ್ಲಾ ದದ್ದು ಎದ್ರೆ ಬೀಗರು ಏನಂದ್ಕೋತಾರೆ ಅಂದ. ಚರ್ಚೆ ಚೆನ್ನಾಗಿ ನಡೀತಿತ್ತು. ಹೊತ್ತು ಇಳೀತಿತ್ತು.

ಅಮ್ಮೋರು ಬಂದು ಸಭೆ ನೋಡುದ್ರು.

"ಅಧ್ಯಕ್ಷರನ್ನ ಎತ್ಕೊಳಿ" ಅಂದ್ರು.

"ಅಂದ್ರೆ?"

"ಕುರ್ಚಿ ಸಮೇತ."

ನಾಕು ಜನ ಎತ್ತಿದ್ರು. ಅಬ್ಬಬ್ಬಾ, ಏನು ಹೇಳ್ಲಿ! ಸಿಂಹಾಸನದ ಮೇಲೆ ನಾನು, ಕೆಳಗೆ ಸಂಘ. ಗುರುಮಲ್ಲು ಏದುಸಿರು ಬಿಡ್ತಾ, "ಹೋಳಿಗೆ ಕಮ್ಮಿ ತಿನ್ನಿ ಶೆಟ್ರೆ" ಅಂದ. ಅಮ್ಮೋರಿಗೆ ಕೊನೆಗೂ ನನ್ನ ಬೆಲೆ ಗೊತ್ತಾಯ್ತು, ಹೊಳೇವರ್ಗೂ ಮೆರವಣಿಗೆ ಮಾಡುಸ್ತಾರೆ ಅಂದ್ಕೊಂಡೆ.

ಮೆರವಣಿಗೆ ಅಡುಗೆಮನೇಲಿ ನಿಂತ್ಕೊಂಡ್ತು. ಸಿಂಹಾಸನ ಇಳುಸಿದ್ರು. ಎದುರಿಗೆ ಸೊಳ್ಳೆ ಪೆಟ್ಟಿಗೆ.

"ಅಂಗಿ ತೋಳು ಮಡಚು" ಅಂದ್ರು ಅಮ್ಮೋರು.

"ಅಮ್ಮೋರೆ, ಅಧ್ಯಕ್ಷ ಅಂದ್ರೆ ಹೇಳೋನು. ಮಾಡೋಕೆ ಬೇರೆ ಜನ ಇರ್ತಾರೆ."

ಅವ್ರು ತಮ್ಮ ಸೆರಗು ಸರುಸಿ, ಒಣಗಿದ ಸೌದೆಯಂಗಿದ್ದ ತೋಳನ್ನ ಬಲೆ ಹತ್ರ ತಂದ್ರು. ಒಳಗಿದ್ದ ಸೊಳ್ಳೆಗಳು ಒಂದೊಂದಾಗಿ ತೆವಳ್ಕೊಂಡು ಆ ಕಡೆ ಬಂದ್ವು. ಬಲೆಗೆ ಮೂತಿ ಹಚ್ಚುದ್ವು.

ಅಮ್ಮೋರು ತೋಳು ಹಿಂದಕ್ಕೆ ತಗೊಂಡ್ರು.

"ಹಸಿದವೆ ಕಣಯ್ಯ. ನನ್ನ ರಕ್ತದಲ್ಲಿ ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲಾ ಐತೆ. ಆ ಮಗೂಗೆ ಜ್ವರದ ಮಾತ್ರೆ. ನಮ್ಮ ರಕ್ತ ಕುಡುದ್ರೆ ಅವಳ ಸಂಶೋಧನೆ ಕೆಡ್ತದೆ. ಮಾತ್ರೆ ಮುಟ್ಟಿಲ್ಲ ಅಂತ ಎಲ್ರ ಮುಂದೆ ಎದೆ ತಟ್ಕೊಂಡ ಗಂಡಸು ಇಲ್ಲಿ ಒಬ್ಬನೇ ಇರೋದು."

ಎಲ್ರೂ ನನ್ನ ಕಡೆ ತಿರುಗಿದ್ರು. ಆ ಮಾತು ಸುಳ್ಳು ಅಂತ ಬೇಕಾದ್ರೆ ಹೇಳ್ಬೋದಿತ್ತು. ಆದ್ರೆ ಅದು ನಿಜ. ಕೆಂಪಶೆಟ್ಟಿ ನಿಜವನ್ನ ನುಂಗೋನಲ್ಲ, ಮಾತ್ರೆ ನುಂಗದಂಗೇ.

ಬಾಗ್ಲಲ್ಲಿ ಜುಬೇದಾ ನಿಂತಿದ್ಲು. ಏನೂ ಕೇಳ್ಲಿಲ್ಲ. ಕೇಳಿದ್ರೆ ಒಂದು ನೆಪ ಹೇಳ್ಬೋದಿತ್ತು.

ಜರಿ ಅಂಗಿ ತೋಳು ಮಡಚಿ, ಕೈ ಒಳಕ್ಕೆ ಇಟ್ಟೆ.

ಒಂದು ಸೊಳ್ಳೆ ಬಂದು ಮೂಸ್ತು. ವಾಪಸ್ ಹೋಯ್ತು. ಇನ್ನೊಂದು ಬಂತು. ಅದೂ ಹೋಯ್ತು.

"ನೋಡಿದ್ರಾ? ದೊಡ್ಡೋರನ್ನ ಕಚ್ಚೋಕೆ ಅವಕ್ಕೂ ಭಯ" ಅಂದೆ.

ಅಮ್ಮೋರು ನನ್ನ ತೋಳು ಮೂಸಿ ನೋಡುದ್ರು. ಸಭೆಗೆ ಅಂತ ಮೈಗೆಲ್ಲಾ ಸೆಂಟು ಹೊಡ್ಕೊಂಡಿದ್ದೆ. ಅದ್ರ ಮೇಲೆ ಹೊಗೆ ಬೇರೆ.

"ಹೋಗಿ ಹೊಳೇಲಿ ಮುಳುಗು."

ಹೋದೆ. ಮುಳುಗ್ದೆ. ಬಂದೆ. ಅಮ್ಮೋರು ಮತ್ತೆ ಮೂಸಿದ್ರು.

"ಇನ್ನೂ ಐತೆ."

"ಸೆಂಟಾ?"

"ಅಧ್ಯಕ್ಷ. ಇನ್ನೊಂದ್ಸಲ ಮುಳುಗು."

ಗುರುಮಲ್ಲು ಗೋಡೆ ಕಡೆ ತಿರುಕ್ಕೊಂಡು ನಕ್ಕ. ನೆನಪಿಟ್ಕೊಂಡಿದೀನಿ.

ಎರಡನೇ ಸಲ ಸೀಗೆಪುಡಿ ತಿಕ್ಕೊಂಡು, ಜರಿ ಅಂಗಿ ಬಂಡೆ ಮೇಲೇ ಬಿಟ್ಟು, ಬನೀನಲ್ಲಿ ಓಡ್ಕೊಂಡು ಬಂದೆ. ಕತ್ತಲು ಆಗೋದ್ರೊಳಗೆ ಅಂತ ಓಡಿದ್ದಕ್ಕೆ ಬೆವರು ಕಿತ್ಕೊಂಡು ಬಂದಿತ್ತು. ತೋಳು ಇಟ್ಟೆ.

ಬಂದ್ವು.

ಅಯ್ಯಯ್ಯೋ ಬಂದ್ವು ಕಣ್ರಪ್ಪಾ! ಸಾಲಾಗಿ ಕೂತ್ವು, ಪಂಕ್ತಿ ಊಟಕ್ಕೆ ಕೂತಂಗೆ. ನಿಮಗೆ ಒಂದು ಸೊಳ್ಳೆ ಕಚ್ಚುದ್ರೆ ಏನ್ ಮಾಡ್ತೀರಿ? ಪಟ್ ಅಂತ ಹೊಡೀತೀರಿ. ಕೈ ತಾನಾಗೇ ಏಳ್ತದೆ. ನನ್ನ ಬಲಗೈ ಎದ್ದೇಬಿಡ್ತು.

ಅಮ್ಮೋರು ಆ ಕೈಗೆ ಶಾಮಿಯಾನದಿಂದ ತರ್ಸಿಟ್ಟಿದ್ದ ಮೈಕು ಕೊಟ್ರು.

"ಭಾಷಣ ಮಾಡು. ಬರ್ಕೊಂಡು ಬಂದಿದ್ಯಲ್ಲ."

ಮಾಡ್ದೆ! "ಈ ಪೆಟ್ಟಿಗೇಲಿ ಆಸೀನರಾಗಿರುವ ಎಲ್ಲಾ ಸೊಳ್ಳೆ ಅಕ್ಕ ತಂಗಿಯರೇ" ಅಂತ ಶುರು ಮಾಡ್ದೆ. ಕಚ್ಚೋದು ಹೆಣ್ಣೇ ಅಂತ ಅಮ್ಮೋರು ಹೇಳಿಕೊಟ್ಟಿದ್ರು. ನನ್ನ ಸಾಧನೆ ಎಲ್ಲಾ ಹೇಳ್ದೆ. ಹೊಳೆ ಆಚೆ ದಡದಲ್ಲಿ ಬಟ್ಟೆ ಒಗೀತಿದ್ದೋರೂ ನಿಂತು ಕೇಳಿದ್ರಂತೆ.

ಯಾವ ಸಭೇಲೂ ಜನ ನನ್ನ ಭಾಷಣ ಅಷ್ಟು ಹತ್ರ ಕೂತು, ಕೊನೇವರ್ಗೂ ಎದ್ದೋಗ್ದೆ ಕೇಳಿರ್ಲಿಲ್ಲ.

ಒಂದೊಂದರ ಹೊಟ್ಟೆ ಗುಲಗಂಜಿ ಥರ ಕೆಂಪಗಾಯ್ತು. ಹಾರೋಕೂ ಆಗ್ದೆ ಮೆಲ್ಲಗೆ ಹೋಗಿ ಬಲೆ ಮೇಲೆ ಕೂತ್ವು. ನನ್ನ ಮಾತು ಯಾವಾಗ ನಿಂತಿತು ಅಂತ ನನಗೇ ಗೊತ್ತಾಗ್ಲಿಲ್ಲ. ಕೊನೇದೊಂದು ಇನ್ನೂ ಕುಡೀತಿತ್ತು. ಬಡಕಲು. ಒಂದು ಕಾಲು ಮುರಿದಿತ್ತು.

"ಸಾಕಾಯ್ತಾ ತಾತ? ಕೈ ತಗೀತೀರಾ?" ಅಂದ್ಲು ಜುಬೇದಾ.

"ಸುಮ್ಕಿರವ್ವ. ಅದಿನ್ನೂ ಉಣ್ತಾ ಐತೆ."

ಅಮ್ಮೋರು ನನ್ನ ಮುಖ ನೋಡುದ್ರು. ಹೋಳಿಗೆ ದಿನ ಹಂಗೆ ನೋಡಿರ್ಲಿಲ್ಲ.

ಮಾರನೇ ಸಂಜೆ ನಾನು ಹೋಗೋ ಹೊತ್ತಿಗೆ ಸಂಘದ ಇಬ್ರು ತೋಳು ಮಡಚ್ಕೊಂಡು ಕೂತಿದ್ರು. ನಿಶ್ಚಿತಾರ್ಥ ಮುಗುಸ್ಕೊಂಡು ಬಂದೋನೂ ಇದ್ದ. ಗುರುಮಲ್ಲು ಸ್ಕೂಟರಲ್ಲಿ ಕಿತ್ತಳೆಹಣ್ಣು ತಂದು, "ರಕ್ತ ಕೊಡೋಕಾಗಲ್ಲ, ಕೊಟ್ಟೋರಿಗೆ ಇದು ಕೊಡ್ತೀನಿ" ಅಂದ. ನಾನು ಯಾರಿಗೂ ಬನ್ನಿ ಅಂತ ಹೇಳಿರ್ಲಿಲ್ಲ. ಸಿಂಹಾಸನ ಅಡುಗೆಮನೇಲೇ ಇತ್ತು, ಸರದಿ ಪ್ರಕಾರ ಕೂತ್ರು.

ಒಂದು ಬೆಳಿಗ್ಗೆ ಜುಬೇದಾ ಓಡಿ ಬಂದು ನನ್ನ ಕೈ ಹಿಡ್ಕೊಂಡು ಎಳೆದ್ಲು. ನೀರಿನ ಬಟ್ಟಲಲ್ಲಿ ಮೊಟ್ಟೆ. ಒಂದಕ್ಕೊಂದು ಅಂಟ್ಕೊಂಡು ಸಣ್ಣ ತೆಪ್ಪದಂಗೆ ತೇಲ್ತಿದ್ವು.

"ವಂಶ ಉಳೀತು ತಾತ" ಅಂದ್ಲು. ನಗ್ತಾನೇ ಮೂಗು ಒರೆಸ್ಕೊಂಡ್ಲು.

ನನ್ನ ಎದೆ ಉಬ್ಬಿತು. ಉಬ್ಬಲ್ವಾ ಮತ್ತೆ? ಈ ತಾಲ್ಲೂಕಲ್ಲಿ ಯಾವನಿಗೆ ಅಷ್ಟು ಮೊಮ್ಮಕ್ಕಳು ಅವ್ರೆ?

ಆದ್ರೆ ವ್ಯಾಪಾರ ವ್ಯಾಪಾರವೇ. ನಡೀದೇ ಇದ್ದ ಸಭೆಯ ಬಿಲ್ಲು ಜೇಬಲ್ಲಿತ್ತು. ಶಾಮಿಯಾನ, ಕುರ್ಚಿ, ಮೈಕು, ಅಡುಗೆಯೋರ ಅಡ್ವಾನ್ಸು, ಹಾರ, ಪೇಟ. ಅಮ್ಮೋರ ಕೈಗೆ ಕೊಟ್ಟೆ.

"ಸಂಘದಿಂದ ಬರ್ಬೇಕು ಅಮ್ಮೋರೆ."

ಅವ್ರು ಕನ್ನಡಕ ಹಾಕ್ಕೊಂಡು ಓದೋಕೆ ಕೂತ್ರು. ಅವ್ರು ಓದೋವರ್ಗೂ ಸುಮ್ನಿರೋಕೆ ನನ್ನಿಂದ ಆಗ್ಲಿಲ್ಲ. ಮನಸ್ಸು ತುಂಬಿ ಬಂದಿತ್ತು.

"ಅಮ್ಮೋರೆ, ಮೂರನೇ ಕ್ಲಾಸಿನ ಮೇಷ್ಟ್ರು ಕಲುಸ್ದೇ ಇದ್ದದ್ದನ್ನ ನೀವು ಕಲುಸಿದ್ರಿ. ಕೆಂಪಶೆಟ್ಟಿ ಯಾರ ಋಣಾನೂ ಇಟ್ಕೊಳೋನಲ್ಲ. ಗುರುದಕ್ಷಿಣೆ ಏನ್ ಕೊಡ್ಲಿ? ಬಾಯಿ ಬಿಟ್ಟು ಕೇಳಿ. ಕೇಳಿದ್ದಕ್ಕೆ ಇಲ್ಲ ಅಂದ್ರೆ ನನ್ನ ಹೆಸ್ರು ಬದ್ಲಾಯ್ಸಿ."

ಗುರುಮಲ್ಲು, ಜುಬೇದಾ, ಎಲ್ರೂ ಅಲ್ಲೇ ಇದ್ರು. ಸಾಕ್ಷಿಗೆ.

ಅಮ್ಮೋರು ಬಿಲ್ಲಿನ ಕೊನೇ ಸಾಲಲ್ಲಿದ್ದ ಒಟ್ಟು ಮೊತ್ತಕ್ಕೆ ಬೆರಳು ತಂದ್ರು.

"ಹನ್ನೊಂದು ಸಾವಿರದ ಆರುನೂರ ನಲವತ್ತು ರೂಪಾಯಿ ಕೊಡಯ್ಯ."