ಬರಿ ಎಲೆಗೆ ಬಿಟ್ಟ ಸಾರು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಊಟಕ್ಕೆ ಕೂತವರು ಮಾತಾಡುವಂತಿರಲಿಲ್ಲ.

ಬೇಕು ಅನ್ನುವಂತಿಲ್ಲ. ಸಾಕು ಅನ್ನುವಂತಿಲ್ಲ. ಎಲೆಗೆ ಕೈ ಅಡ್ಡ ಹಿಡಿಯುವಂತೆಯೂ ಇಲ್ಲ. ಯಾರಿಗೆ ಏನು ಬೇಕು, ಎಷ್ಟು ಬೇಕು ಎಂಬುದನ್ನು ಬಡಿಸುವವನೇ ನೋಡಿ ತಿಳಿಯಬೇಕು. ತಿಳಿದದ್ದನ್ನು ನೆನಪಿಟ್ಟುಕೊಳ್ಳಬೇಕು. ಬಡಿಸುವವನೂ ಬಾಯಿ ಬಿಡಕೂಡದು.

ಗುರು ಅಡವಯ್ಯನವರು ಮಾಡಿದ ನಿಯಮ ಅದೊಂದೇ. ಎಂಥ ದೊಡ್ಡ ಪ್ರಶ್ನೆ ಹೊತ್ತು ಬಂದವನನ್ನೂ ಅವರು ಮೊದಲು ಸೌಟು ಕೊಟ್ಟು ಪಂಕ್ತಿಗೆ ಬಿಡುತ್ತಿದ್ದರು.

ಆ ವರ್ಷ ಸೌಟು ಶಿವನಂಜನ ಕೈಯಲ್ಲಿತ್ತು.

ಶಿವನಂಜ ಹೆಂಡತಿಯನ್ನು ಕಳೆದುಕೊಂಡು ಬಂದವನು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವಳು ಹೋದ ಮೇಲೆ ಗಿರಣಿಯ ಸದ್ದು ಸಹಿಸಲಾರದೆ ಬಾಗಿಲು ಹಾಕಿದ. ಇಲ್ಲಿಗೆ ಬಂದ ದಿನ ಗುರುಗಳ ಕಾಲಿಗೆ ಬಿದ್ದು, "ಮನಸ್ಸಿಗೆ ಸಮಾಧಾನ ಬೇಕು ಬುದ್ಧಿ" ಅಂದಿದ್ದ.

"ಮೊದಲು ಆ ಅಜ್ಜನಿಗೆ ಮಜ್ಜಿಗೆ ಬೇಕು" ಅಂದು ಗುರುಗಳು ಸೌಟು ಕೊಟ್ಟಿದ್ದರು.

ಒಂದು ಬೆಳಿಗ್ಗೆ ಶಿವನಂಜ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ತಲೆ ಅಲ್ಲಾಡಿಸದೆ ಕಣ್ಣನ್ನು ಮಾತ್ರ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದ. ಎಡಕ್ಕೆ ಒಂದು ಹೊಂಗೆ ಮರ. ಬಲಕ್ಕೆ ಬಟ್ಟೆ ಒಗೆಯುವ ಕಲ್ಲು. ಮರ, ಕಲ್ಲು. ಮರ, ಕಲ್ಲು.

ಅಡುಗೆಯ ಮುದ್ದಯ್ಯ ನೀರಿಗೆ ಬಂದವನು ಅರ್ಧ ತುಂಬಿದ ಬಿಂದಿಗೆ ಇಳಿಸಿ ನಿಂತ.

"ಏನಯ್ಯಾ ಇದು? ಕಳ್ಳನೂ ಇಷ್ಟು ಅತ್ತಿತ್ತ ನೋಡಲ್ಲ. ಯಾವುದನ್ನು ಹೊತ್ಕೊಂಡು ಹೋಗೋಣ ಅಂತಿದ್ದೀಯ, ಹೊಂಗೆ ಮರವನ್ನೋ, ಒಗೆಯೋ ಕಲ್ಲನ್ನೋ?"

"ಸುಮ್ನಿರಣ್ಣ."

"ಕಲ್ಲೇ ವಾಸಿ. ಮರವಾದ್ರೆ ಬೇರು ಕೀಳಬೇಕು."

ಶಿವನಂಜ ಕಣ್ಣು ಮುಚ್ಚಿ ಯಾವುದಕ್ಕೋ ಕಾದ. ಅದು ಬರಲಿಲ್ಲ. ಕಣ್ಣು ತೆರೆದು ಮತ್ತೆ ಮರ, ಕಲ್ಲು ಶುರು ಮಾಡಿದ.

ಮುದ್ದಯ್ಯ ಬಿಂದಿಗೆಯನ್ನು ಅಲ್ಲೇ ಬಿಟ್ಟು ಹೋಗಿ ಗುರುಗಳಿಗೆ ಹೇಳಿದ. ಅಡವಯ್ಯನವರು ಕೋಲೂರಿಕೊಂಡು ಬಂದು ಶಿವನಂಜನ ಪಕ್ಕದಲ್ಲಿ ಕೂತರು.

"ಯಾರು ಹೇಳಿಕೊಟ್ಟರು?"

"ಮೊನ್ನೆ ಪಟ್ಟಣದಿಂದ ಒಬ್ಬ ಮೇಷ್ಟ್ರು ಬಂದಿದ್ರಲ್ಲ ಬುದ್ಧಿ, ಅವರು. ಕಣ್ಣನ್ನ ಹೀಗೆ ಸ್ವಲ್ಪ ಹೊತ್ತು ಅತ್ತಿತ್ತ ಆಡಿಸಿದ್ರೆ ಮರೆತದ್ದು ನೆನಪಿಗೆ ಬರುತ್ತಂತೆ. ಓದಿದವರು ಪರೀಕ್ಷೆ ಮಾಡಿ ನೋಡಿದ್ದಾರಂತೆ."

"ಏನು ಕಂಡಿತಂತೆ?"

"ಕೆಲವರು ಹೌದು ಅಂತಾರಂತೆ. ಕೆಲವರು ನಮಗೇನೂ ಕಾಣಲಿಲ್ಲ ಅಂತಾರಂತೆ."

"ಹಾಗಾದರೆ ನಾವೂ ನೋಡಬೇಕಲ್ಲ" ಅಂದರು ಗುರುಗಳು.

ಬೆನ್ನು ನೆಟ್ಟಗೆ ಮಾಡಿಕೊಂಡರು. ಪೊರೆ ಬಂದ ಕಣ್ಣುಗಳನ್ನು ಮರಕ್ಕೂ ಕಲ್ಲಿಗೂ ಓಡಿಸಿದರು, ಹೊಸದಾಗಿ ಅಕ್ಷರ ತಿದ್ದುವ ಮಗುವಿನ ಶ್ರದ್ಧೆಯಿಂದ. ಆಮೇಲೆ ಕಣ್ಣು ಮುಚ್ಚಿದರು.

"ಏನಾದ್ರೂ ಬಂತಾ ಬುದ್ಧಿ?"

"ಬಂತು."

"ಏನು?"

"ನಿನ್ನೆ ಮುದ್ದಯ್ಯ ಇಲ್ಲದಾಗ ಅಡುಗೆಮನೆಗೆ ಹೋಗಿ ಬೆಲ್ಲ ತಿಂದದ್ದು." ಗುರುಗಳು ಕಣ್ಣು ಬಿಟ್ಟರು. "ಮರೆತೇಬಿಟ್ಟಿದ್ದೆ. ಹಾಗೇ ಇದ್ದಿದ್ದರೆ ಚೆನ್ನಾಗಿತ್ತು."

ಶಿವನಂಜ ನಗಲು ನೋಡಿದ. ಆಗಲಿಲ್ಲ.

"ನೀನು ಏನನ್ನ ಹುಡುಕ್ತಿದ್ದೀಯಪ್ಪಾ?"

"ದೇವೀರಿಯ ಮುಖ."

ಹೊಳೆಯಲ್ಲಿ ಒಂದು ಮೀನು ಎದ್ದು ಬಿತ್ತು.

"ಕಣ್ಣು ಮುಚ್ಚಿದ್ರೆ ಫೋಟೋ ಬರುತ್ತೆ ಬುದ್ಧಿ, ಅವಳು ಬರಲ್ಲ. ಇರೋದೂ ಅದೊಂದೇ ಫೋಟೋ, ರೇಷನ್ ಕಾರ್ಡಿಗೆ ತೆಗೆಸಿದ್ದು. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ಯಾರೋ ಗದರಿಸಿ ಕೂರಿಸಿದ ಹಾಗೆ ಇದ್ದಾಳೆ ಅದರಲ್ಲಿ. ಅವಳು ಹಾಗಿರಲಿಲ್ಲ. ಮತ್ತೆ ಹೇಗಿದ್ದಳು ಅಂತ ಹುಡುಕ್ತೀನಿ. ಹುಡುಕಿದಷ್ಟೂ ಆ ಫೋಟೋನೇ ಬರುತ್ತೆ."

"ಹ್ಞೂಂ."

"ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಸತ್ತವರಿಗೆ ಎಡೆ ಇಡಬೇಕು. ಆ ಫೋಟೋದವಳು ಯಾರೋ ಏನೋ, ಅವಳ ಮುಂದೆ ನಾನು ಎಡೆ ಇಡಲ್ಲ. ಅಷ್ಟರಲ್ಲಿ ಮುಖ ಬರದಿದ್ರೆ…" ಶಿವನಂಜ ಒಗೆಯುವ ಕಲ್ಲಿನ ಕಡೆಗೆ ನೋಡಿದ. "ಬರದಿದ್ರೆ ಈ ವರ್ಷ ದೇವೀರಿ ಉಪವಾಸ ಬುದ್ಧಿ."

ಗುರುಗಳು ಮುದ್ದಯ್ಯ ಬಿಟ್ಟುಹೋಗಿದ್ದ ಬಿಂದಿಗೆಯನ್ನು ಕೋಲಿನಿಂದ ತೋರಿಸಿದರು. ಅದರಲ್ಲಿ ಅರ್ಧ ನೀರಿತ್ತು.

"ಅದನ್ನ ಅಲ್ಲಾಡಿಸು."

ಶಿವನಂಜ ಕಂಠ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಗುಳುಗುಳು ಅಂದಿತು.

"ಸದ್ದು ಬಂತಾ?"

"ಬಂತು."

"ನೀರಿದ್ದರೆ ಬರುತ್ತೆ."

ಶಿವನಂಜನ ಮುಖ ಸಣ್ಣದಾಯಿತು. "ನನ್ನ ಬಿಂದಿಗೆ ಬರಿದಾ ಬುದ್ಧಿ?"

"ಊಟದ ಹೊತ್ತಾಯಿತು" ಅಂದು ಗುರುಗಳು ಎದ್ದರು.

ಆ ಮಧ್ಯಾಹ್ನ ಶಿವನಂಜ ಒಂದು ಲೆಕ್ಕ ಹಾಕಿದ. ಪಂಕ್ತಿ ಉದ್ದವಾಗಿದೆ. ಬಡಿಸುತ್ತ ಬಡಿಸುತ್ತಲೇ ಕಣ್ಣನ್ನು ಆ ತುದಿಯಿಂದ ಈ ತುದಿಗೆ ಆಡಿಸಬಹುದು. ಕೈ ಕೆಲಸ ಕೈ ಮಾಡಲಿ, ಕಣ್ಣಿನ ಕೆಲಸ ಕಣ್ಣು ಮಾಡಲಿ. ಅಮಾವಾಸ್ಯೆಯೊಳಗೆ ಹೇಗಾದರೂ ಮುಖ ಬರಬೇಕು.

ಅನ್ನ ಬಡಿಸಿಕೊಂಡು ಹೋದ. ಕಣ್ಣು ಆ ತುದಿ, ಈ ತುದಿ. ಸಾರು ಬಿಟ್ಟುಕೊಂಡು ಹೋದ. ಆ ತುದಿ, ಈ ತುದಿ. ಪಂಕ್ತಿಯ ಕೊನೆಗೆ ಗುರುಗಳು ಕೂರುತ್ತಿದ್ದರು. ಅವರ ಎಲೆಗೂ ಒಂದು ಸೌಟು ಸಾರು ಬಿಟ್ಟು ತಿರುಗಿದ.

ಅಡುಗೆಮನೆಯ ಬಾಗಿಲಲ್ಲಿ ಮುದ್ದಯ್ಯ ನಿಂತು ಅವನನ್ನೇ ನೋಡುತ್ತಿದ್ದ. ಕಣ್ಣನ್ನು ಒಮ್ಮೆ ಶಿವನಂಜನ ಕಡೆಗೆ, ಒಮ್ಮೆ ಗುರುಗಳ ಕಡೆಗೆ ಹೊರಳಿಸಿದ. ಮತ್ತೆ ಹೊರಳಿಸಿದ. ಹುಬ್ಬನ್ನೂ ಕುಣಿಸಿದ.

ಅಣಕಿಸ್ತಿದ್ದಾನೆ, ಅಂದುಕೊಂಡ ಶಿವನಂಜ. ಪಂಕ್ತಿಯಲ್ಲೂ ಬಿಡಲಿಲ್ಲವಲ್ಲ ಈ ಮಹಾರಾಯ! ಮುಖ ಗಂಟು ಹಾಕಿಕೊಂಡು ಮಜ್ಜಿಗೆ ತರಲು ಹೋದ.

ಮಜ್ಜಿಗೆ ತಂದಾಗ ಕಂಡಿತು.

ಗುರುಗಳ ಎಲೆಯ ಮೇಲೆ ಅನ್ನವೇ ಇರಲಿಲ್ಲ. ಬರಿ ಎಲೆಗೆ ಸಾರು ಬಿಟ್ಟಿದ್ದ. ಹರಿದುಹೋಗುವ ಸಾರಿಗೆ ಗುರುಗಳು ಎಡ ಅಂಗೈಯನ್ನು ಕಟ್ಟೆಯ ಹಾಗೆ ಒಡ್ಡಿದ್ದರು. ನಿಂತ ಸಾರನ್ನು ಬಲಗೈಯಲ್ಲಿ ಗೋರಿ ಗೋರಿ, ಸ್ವಲ್ಪವೂ ಅವಸರವಿಲ್ಲದೆ ಕುಡಿಯುತ್ತಿದ್ದರು.

ಶಿವನಂಜ ಅನ್ನದ ಪಾತ್ರೆಗೆ ಓಡಿದ. ಅವನು ಬರುವಷ್ಟರಲ್ಲಿ ಗುರುಗಳು ಎಲೆ ಮಡಿಸಿದ್ದರು.

ಕೈ ತೊಳೆಯುವ ಜಾಗದಲ್ಲಿ ಅವರಿಗೆ ನೀರು ಹಾಕುತ್ತ ಅವನು ತಲೆ ತಗ್ಗಿಸಿದ.

"ತಪ್ಪಾಯ್ತು ಬುದ್ಧಿ."

"ಸಾರು ಚೆನ್ನಾಗಿತ್ತು."

"ಎದುರಿಗೇ ಎಲೆ ಇತ್ತು. ಕಾಣಲಿಲ್ಲ."

"ಕಣ್ಣು ಪ್ರಯಾಣದಲ್ಲಿತ್ತು."

"ಹಾಗಾದ್ರೆ ಕಣ್ಣು ಆಡಿಸೋದೇ ತಪ್ಪಾ?"

"ನಾನೆಲ್ಲಿ ಹಾಗಂದೆ? ನನಗೆ ಬೆಲ್ಲ ನೆನಪಾಗಲಿಲ್ಲವಾ?" ಗುರುಗಳು ಕೈ ಒರೆಸಿಕೊಂಡರು. "ಆಡಿಸಿದ ಮೇಲೆ ಎಲ್ಲಿ ನಿಲ್ಲಿಸಬೇಕು ಅಂತ ಮೇಷ್ಟ್ರು ಹೇಳಿದರಾ?"

"ಇಲ್ಲ."

"ಅಯ್ಯೋ ಪಾಪ. ಬಸ್ಸಿಗೆ ಹೊತ್ತಾಯಿತೋ ಏನೋ."

ಇಬ್ಬರೂ ಸ್ವಲ್ಪ ದೂರ ನಡೆದರು. ಗುರುಗಳ ಕೈ ಶಿವನಂಜನ ಹೆಗಲ ಮೇಲಿತ್ತು.

"ದೇವೀರಿ ನಿನಗೆ ಬಡಿಸುವಾಗ ನೀನು ಏನು ನೋಡ್ತಿದ್ದೆ?"

ಶಿವನಂಜ ಯೋಚಿಸಿದ. "ತಟ್ಟೆ. ಇಲ್ಲದಿದ್ರೆ ಬೀದಿ. ಗಿರಣಿಗೆ ಯಾರು ಬಂದ್ರು ಅಂತ."

"ಅವಳು ಏನು ನೋಡೋಳು?"

"ಅವಳು ನನ್ನ ತಟ್ಟೆ ನೋಡೋಳು."

"ಬೇಕಾ ಅಂತ ಕೇಳೋಳಾ?"

ಶಿವನಂಜ ನಿಂತುಬಿಟ್ಟ.

"ಇಲ್ಲ ಬುದ್ಧಿ. ಯಾವತ್ತೂ ಕೇಳಲಿಲ್ಲ. ಬೇಕಾದಷ್ಟು ಬೀಳ್ತಿತ್ತು. ಸಾಕು ಅನ್ನಿಸಿದಾಗ ನಿಲ್ತಿತ್ತು."

"ಹಾಗಾದರೆ ಅವಳು ಇಲ್ಲಿಯವಳೇ" ಅಂದರು ಗುರುಗಳು.

ಮರುದಿನದಿಂದ ಶಿವನಂಜ ನಿಧಾನವಾದ. ಒಂದೊಂದು ಎಲೆಯ ಮುಂದೂ ನಿಂತ. ಕಣ್ಣು ಆ ಎಲೆಯ ಉದ್ದಕ್ಕೂ ಓಡಿ, ತಾನಾಗಿ ಒಂದು ಕಡೆ ಕೂರುವವರೆಗೆ ಸೌಟು ಬಗ್ಗಿಸಲಿಲ್ಲ. ಹಲ್ಲಿಲ್ಲದ ಅಜ್ಜ ಅನ್ನವನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು ಕಂಡಿತು. ಅವತ್ತಿನಿಂದ ಅವರಿಗೆ ಪಾತ್ರೆಯ ಅಡಿಯ ಮೆತ್ತನೆಯ ಅನ್ನ ಬಂತು. ಇನ್ನೊಬ್ಬರು ಉಪ್ಪಿನಕಾಯಿಯನ್ನು ಕೊನೆಯ ತುತ್ತಿಗೆಂದು ಕಾದಿಡುವುದು ಕಂಡಿತು.

"ನಿನ್ನ ಪಂಕ್ತಿ ಮುಗಿಯೋಷ್ಟರಲ್ಲಿ ಒಲೆ ಆರಿಹೋಗುತ್ತಲ್ಲೋ" ಅಂದ ಮುದ್ದಯ್ಯ. ಆದರೂ ಸಾರಿನ ಪಾತ್ರೆಯನ್ನು ಕೆಂಡದ ಮೇಲೇ ಇಟ್ಟಿರುತ್ತಿದ್ದ.

ಹೊಳೆಯ ಮೆಟ್ಟಿಲಿಗೆ ಶಿವನಂಜ ಹೋಗುವುದು ಕಡಿಮೆಯಾಯಿತು. ಹೋದಾಗಲೂ ಮುಖ ಬರಲಿಲ್ಲ. ಅಮಾವಾಸ್ಯೆ ಬಂತು.

ಬೆಳಿಗ್ಗೆ ಮುದ್ದಯ್ಯ ಸೊಪ್ಪು ಬಿಡಿಸುತ್ತ ಮೆಲ್ಲಗೆ ಕೇಳಿದ.

"ನಿನ್ನ ಮನೆಯವಳಿಗೆ ಏನು ಇಷ್ಟವೋ? ಹೇಳು, ಮಾಡ್ತೀನಿ."

"ಎಡೆ ಇಡಲ್ಲಣ್ಣ. ಮುಖ ಬರಲಿಲ್ಲ."

ಮುದ್ದಯ್ಯ ತಮಾಷೆ ಮಾಡಲಿಲ್ಲ. ಸೊಪ್ಪು ಬಿಡಿಸುತ್ತಲೇ ಇದ್ದ.

ಮಧ್ಯಾಹ್ನ ಪಂಕ್ತಿ ಕೂತಿತು. ಶಿವನಂಜ ಉಪ್ಪು ಹಿಡಿದು ಬಂದವನು ಒಂದು ಎಲೆ ಹೆಚ್ಚಾಗಿರುವುದನ್ನು ಕಂಡ. ಕೊನೆಯಲ್ಲಿ ಕೂತ ಗುರುಗಳ ಮಗ್ಗುಲಲ್ಲೇ ಹಾಸಿತ್ತು. ನೀರು ಚಿಮುಕಿಸಿತ್ತು. ಎದುರಿಗೆ ಯಾರೂ ಕೂತಿರಲಿಲ್ಲ. ಫೋಟೋ ಇರಲಿಲ್ಲ. ಹೂವೂ ಇರಲಿಲ್ಲ.

ಅವನು ಗುರುಗಳ ಮುಖ ನೋಡಿದ. ಗುರುಗಳು ಎಲೆ ನೋಡುತ್ತಿದ್ದರು.

ಕೇಳುವಂತಿರಲಿಲ್ಲ.

ಅವನು ಉಪ್ಪು ಬಡಿಸಿಕೊಂಡು ಬಂದ. ಆ ಎಲೆಯ ಮೂಲೆಗೆ ಒಂದು ಚಿಟಿಕೆ ಇಟ್ಟು ಹೊರಟ ಕೈ ತಡೆದು ನಿಂತಿತು. ಸಾಲದು. ದೇವೀರಿಗೆ ಉಪ್ಪು ಮುಂದಾಗಿರಬೇಕು. ಇನ್ನೊಂದು ಚಿಟಿಕೆ ಇಟ್ಟ. ಇದು ತನಗೆ ಗೊತ್ತಿತ್ತು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಅನ್ನ ತಂದ. ಎಲ್ಲರಿಗೂ ಬಡಿಸಿದ. ಆ ಎಲೆಗೆ ಸ್ವಲ್ಪವೇ ಹಾಕಿದ. ಅವಳು ಒಂದೇ ಸಲ ಹಾಕಿಸಿಕೊಳ್ಳುವವಳಲ್ಲ. ಗುರುಗಳ ಎಲೆಗೂ ಹಾಕಿದ.

ಸಾರು ತಂದ.

ಆ ಎಲೆಯ ಮುಂದೆ ಬಗ್ಗಿದ. ಸೌಟಿನಲ್ಲಿ ಕರಿಬೇವು ತೇಲುತ್ತಿತ್ತು. ಅವಳು ಕರಿಬೇವನ್ನು ಒಂದೊಂದೇ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಅವನು ಅದನ್ನು ಪಾತ್ರೆಗೇ ಮರಳಿ ಬಿಟ್ಟು ತಿಳಿ ಸಾರನ್ನು ತೆಗೆದ. ಕಣ್ಣು ಎಲೆಯ ಎಡತುದಿಯಿಂದ ಬಲತುದಿಗೆ ಹೋಯಿತು. ಮರಳಿ ಬಂತು. ಅನ್ನದ ಮೇಲೆ ನಿಂತಿತು.

ಊರಿನಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಗಿರಣಿ ನಿಂತು ಸದ್ದಡಗಿತ್ತು. ಗಿರಣಿ ನಿಂತಾಗ ಮಾತ್ರ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದದ್ದು. ರಾಗಿ ಚೀಲಕ್ಕೆ ಒರಗಿ ಅವಳು ಕೂತಿದ್ದಳು. ತಟ್ಟೆ ಮಡಿಲಲ್ಲಿತ್ತು. ಹುಬ್ಬಿಗೆ, ರೆಪ್ಪೆಗೆ, ಮುಂಗೂದಲಿಗೆ ಹಿಟ್ಟು ಹತ್ತಿ ಬೆಳ್ಳಗಾಗಿತ್ತು.

"ಏನಜ್ಜೀ, ಊಟ ಸೇರ್ತಾ?" ಅಂದಿದ್ದ ಅವನು.

ಬಾಯಲ್ಲಿ ತುತ್ತಿತ್ತು. ನಗು ತಡೆಯಲಾರದೆ ಅವಳು ತುಟಿ ಬಿಗಿಹಿಡಿದಳು. ಕೆನ್ನೆ ಉಬ್ಬಿತು. ಕಣ್ಣು ಸಣ್ಣಗಾಗಿ ರೆಪ್ಪೆಯ ಹಿಟ್ಟು ಉದುರಿತು.

ಶಿವನಂಜ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಸೌಟು ಅನ್ನದ ಮೇಲೆ ತಡೆದು ನಿಂತಿತ್ತು. ಕಣ್ಣೀರು ಗಲ್ಲದವರೆಗೆ ಇಳಿದು ಎಲೆಯ ಅಂಚಿಗೆ ಬಿತ್ತು. ಒರೆಸಿಕೊಳ್ಳಲು ಅವನಿಗೆ ಭಯ. ಅಲುಗಾಡಿದರೆ ಎಲ್ಲಿ ಹೋಗಿಬಿಡುತ್ತಾಳೋ!

ಪಂಕ್ತಿ ಕಾಯುತ್ತಿತ್ತು. ಹಲ್ಲಿಲ್ಲದ ಅಜ್ಜ ಕಲಸಿದ ತುತ್ತನ್ನು ಕೈಯಲ್ಲೇ ಹಿಡಿದಿದ್ದರು. ಬಾಗಿಲಲ್ಲಿ ಮುದ್ದಯ್ಯ ಮುಖ ತಿರುಗಿಸಿಕೊಂಡಿದ್ದ. ಮಾತಾಡುವಂತಿರಲಿಲ್ಲ. ಯಾರೂ ಮಾತಾಡಲಿಲ್ಲ.

ಆಗ ಪಕ್ಕದ ಎಲೆಯಿಂದ, ಆ ಪಂಕ್ತಿಯಲ್ಲಿ ಯಾವತ್ತೂ ಕೇಳದ ದನಿ ಕೇಳಿತು.

"ಅವಳು ಇನ್ನು ಎಲ್ಲೂ ಹೋಗಲ್ಲ, ಮಗಾ. ಅವಳಿಗೆ ಸಾರು ಬಿಟ್ಟು ನನಗೂ ಒಂದು ಸೌಟು ಹಾಕು. ಇವತ್ತು ಎಲೆ ಮೇಲೆ ಅನ್ನ ಇದೆ."